ಹದಿನಾಲ್ಕನೆಯ ಚುಕ್ಕೆ

ಹದಿನಾಲ್ಕನೆಯ ಚುಕ್ಕೆ ಕೆಂಪಾಗಿತ್ತು. ಬರೀ ಕೆಂಪಲ್ಲ — ಉಬ್ಬಿತ್ತು, ಬೆರಳಾಡಿಸಿದರೆ ತಿಳಿಯುವಷ್ಟು ಗಟ್ಟಿಯಾಗಿತ್ತು, ಸಾಸಿವೆಗಿಂತ ಸಣ್ಣ ನೀರುಗುಳ್ಳೆಗಳು ಅದರ ಮೇಲೆ ಎದ್ದಿದ್ದವು. ನಾನು ಕಾಗದದಲ್ಲಿ ಹದಿನಾಲ್ಕರ ಎದುರು ಒಂದು ಸಣ್ಣ ಅಡ್ಡಗೆರೆ ಎಳೆದೆ. ನಮ್ಮಲ್ಲಿ ಅಡ್ಡಗೆರೆ ಎಂದರೆ ‘ಏನೂ ಇಲ್ಲ’.

ಕಣ್ಣು ತಪ್ಪಲಿಲ್ಲ, ಕೈ ತಪ್ಪಲಿಲ್ಲ, ಅವಸರವೂ ಇರಲಿಲ್ಲ. ರುದ್ರಪ್ಪ ಎಂಬ ಮನುಷ್ಯನ ಬೆನ್ನು ಅದು. ಅವನ ಕೈಗಳು ಕೆಡಲಿ ಎಂದೇ ನಾನು ಸುಳ್ಳು ಬರೆದೆ.

ಇದನ್ನು ಓದುತ್ತಿರುವ ನೀವು ಬಹುಶಃ ನರ್ಸಿಂಗ್‌ನ ಮೊದಲನೆಯ ವರ್ಷದಲ್ಲಿದ್ದೀರಿ. ಗದಗಿನಲ್ಲಿ ನರ್ಸಿಂಗ್ ಕಲಿಸುವ ನನ್ನ ಗೆಳತಿಯೊಬ್ಬಳು, ‘ಚರ್ಮದ ಅಲರ್ಜಿಯ ಬಗ್ಗೆ ಹೊಸಬರಿಗೆ ತಿಳಿಯುವ ಹಾಗೆ ಕನ್ನಡದಲ್ಲಿ ಒಂದು ಸಣ್ಣ ಪರಿಚಯ ಬರೆದುಕೊಡು, ಕುವೈತಿನಲ್ಲಿ ಇಷ್ಟು ವರ್ಷ ಅದನ್ನೇ ಮಾಡಿದ್ದೀಯಲ್ಲ’ ಎಂದು ಕೇಳಿದ್ದಳು. ಮೂರು ಅಧ್ಯಾಯಗಳನ್ನು ಸಲೀಸಾಗಿ ಬರೆದೆ. ತಾಸೊಪ್ಪತ್ತಿನಲ್ಲಿ ಎದ್ದು ಮಾಯವಾಗುವ ಪಿತ್ತದ ಗಂಧೆ. ಎಳೆತನದಿಂದಲೇ ಮೊಣಕೈ ಮೊಣಕಾಲುಗಳ ಮಡಿಕೆಯಲ್ಲಿ ಕೂತು ಕಾಡುವ ಇಸಬು. ಮುಟ್ಟಿದ ವಸ್ತುವಿನಿಂದ, ಮುಟ್ಟಿದ ಜಾಗದಲ್ಲೇ ಏಳುವ ಸಂಪರ್ಕದ ಅಲರ್ಜಿ. ನಾಲ್ಕನೆಯದು ಆ ವಸ್ತು ಯಾವುದೆಂದು ಕಂಡುಹಿಡಿಯುವ ಪರೀಕ್ಷೆಯ ಅಧ್ಯಾಯ. ಅಲ್ಲಿಗೆ ಬಂದು ನಿಂತೆ. ಮೂರು ವಾರ ನಿಂತೆ. ಎಲ್ಲರೂ ಬರೆಯುವಂತೆ ಬರೆದು ಮುಗಿಸಬಹುದಿತ್ತು. ಆದರೆ ‘ಪರೀಕ್ಷೆಯ ಫಲ ಓದುವಾಗ ಪ್ರಾಮಾಣಿಕರಾಗಿರಿ’ ಎಂಬ ಸಾಲು ಬರೆಯಬೇಕಾಗಿ ಬಂದಾಗ —

ಆದ್ದರಿಂದ ನಾಲ್ಕನೆಯ ಅಧ್ಯಾಯ ಇದು.

ನಾನು ದಿನಚರಿ ಬರೆಯುವವಳು. ಧಾರವಾಡದಲ್ಲಿ ಬಿ.ಎಸ್ಸಿ. ಓದುವಾಗ ಹಿಡಿದ ಚಟ. ಆಮೇಲೆ ನರ್ಸಿಂಗ್ ಕಲಿತು ಕುವೈತಿಗೆ ಬಂದ ಮೇಲೂ ಬಿಡಲಿಲ್ಲ. ಬರೆದಿಡುವವರಿಗೆ ನೆನಪಿನ ಮೇಲೆ ನಂಬಿಕೆ ಕಡಿಮೆ. ನನಗಂತೂ ಇಲ್ಲವೇ ಇಲ್ಲ. ಈ ಕಥೆಯಲ್ಲಿ ನಾನು ಕಣ್ಣಾರೆ ಕಂಡದ್ದು ಯಾವುದು, ಕೇಳಿದ್ದು ಯಾವುದು, ನಂತರ ಬೇಕೆಂದು ಸೇರಿಸಿಕೊಂಡದ್ದು ಯಾವುದು ಎಂದು ಬೇರ್ಪಡಿಸಲು ಯತ್ನಿಸುತ್ತೇನೆ. ರುದ್ರಪ್ಪನನ್ನು ‘ಅವನು’ ಎಂದೇ ಬರೆಯುತ್ತೇನೆ. ವಯಸ್ಸಿನಲ್ಲಿ ನನಗಿಂತ ಹದಿನೈದು ವರ್ಷ ದೊಡ್ಡವನು. ಆದರೂ ‘ಅವರು’ ಎಂದು ಬರೆಯಲು ಕೈ ಬರುತ್ತಿಲ್ಲ.

ಮೊದಲು ಕೇಳಿದ್ದು.

ನನ್ನ ತಮ್ಮ ಪ್ರಕಾಶನನ್ನು ಕುವೈತಿಗೆ ಕರೆಸಿಕೊಂಡವಳು ನಾನೇ. ತೊಂಬತ್ತರ ದಶಕದ ನಡುಭಾಗ. ಐ.ಟಿ.ಐ. ಮುಗಿಸಿದ್ದ, ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಪೈಪ್ ದುರಸ್ತಿ ಮಾಡುವ ಒಬ್ಬ ಗುತ್ತಿಗೆದಾರನ ಕೆಳಗೆ ಕೆಲಸ ಸಿಕ್ಕಿತು. ಅಬ್ಬಾಸಿಯಾದಲ್ಲಿ ಏಳು ಗಂಡಸರ ಒಂದು ಕೋಣೆ. ಏಳರಲ್ಲಿ ಹಿರಿಯ, ಕೆಲಸದಲ್ಲಿ ಫೋರ್‌ಮನ್, ನಮ್ಮ ಗದಗಿನ ಪಕ್ಕದ ರೋಣದ ಕಡೆಯವನು — ರುದ್ರಪ್ಪ. ಪ್ರಕಾಶ ಅವನನ್ನು ‘ಕಾಕಾ’ ಎನ್ನುತ್ತಿದ್ದ. ‘ನಮ್ಮ ಕಡೇ ಮನಶಾ ಅಕ್ಕಾ, ಶುಕ್ರವಾರ ರೊಟ್ಟಿ ಬಡೀತಾನ, ನೀ ಏನೂ ಚಿಂತೀ ಮಾಡಬ್ಯಾಡ’ ಎಂದು ಫೋನಿನಲ್ಲಿ ಹೇಳುತ್ತಿದ್ದ. ನಾನು ಚಿಂತೆ ಮಾಡಲಿಲ್ಲ.

ಪ್ರಕಾಶನಿಗೆ ಎಳೆತನದಿಂದಲೂ ಇಸಬು. ಊರಲ್ಲಿ ಅದು ಬರುತ್ತಿತ್ತು, ಹೋಗುತ್ತಿತ್ತು. ಅವ್ವ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಳು. ಇಲ್ಲಿನ ಸೆಕೆ, ಬೆವರು, ಮೈಗಂಟುವ ಕೆಲಸದ ಬಟ್ಟೆ, ಧೂಳು — ಮೊದಲ ಬೇಸಿಗೆಯಲ್ಲೇ ಮೊಣಕೈ ಮಡಿಕೆಗಳು ಕಪ್ಪಾಗಿ, ದಪ್ಪಗಟ್ಟಿ, ಸೀಳಿ ರಸ ಸುರಿಯತೊಡಗಿದವು. ಇಸಬು ಅಂಟುವುದಿಲ್ಲ. ನನ್ನ ಪುಸ್ತಕದ ಮೊದಲ ಅಧ್ಯಾಯದ ಮೊದಲ ವಾಕ್ಯ ಅದೇ: ಅಲರ್ಜಿ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಬೇರೆಲ್ಲ ಪುಸ್ತಕಗಳು ವ್ಯಾಖ್ಯೆಯಿಂದ ಶುರುವಾಗುತ್ತವೆ; ನನ್ನದು ಹೀಗೆ ಯಾಕೆ ಶುರುವಾಯಿತು ಎಂದು ಗೆಳತಿ ಕೇಳಿದ್ದಳು.

ಒಂದು ಶುಕ್ರವಾರ ಊಟಕ್ಕೆ ಕೂತಾಗ ರುದ್ರಪ್ಪ ಪ್ರಕಾಶನ ತೋಳು ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದನಂತೆ. ಎಲ್ಲರೂ ಕೇಳುವಂತೆ ಹೇಳಿದನಂತೆ:

‘ಇದು ಕುಷ್ಠ ಐತಿ. ನಮ್ಮ ಮಾವಗೂ ಹಿಂಗ ಸುರು ಆಗಿತ್ತು. ಇವನ ತಾಟು ಬ್ಯಾರೆ ಇಡ್ರಿ.’

ತಾಟು ಬೇರೆಯಾಯಿತು. ನಾಲ್ಕು ದಿನಕ್ಕೆ ಹಾಸಿಗೆ ಬಾಗಿಲಾಚೆಯ ಪಡಸಾಲೆಗೆ ಹೋಯಿತು. ನಾನು ಪ್ರಕಾಶನನ್ನು ಚರ್ಮದ ಡಾಕ್ಟರರ ಬಳಿ ಕರೆದೊಯ್ದು, ‘ಇದು ಅಂಟುರೋಗವಲ್ಲ’ ಎಂದು ಬರೆಸಿದೆ. ಆ ಚೀಟಿಯನ್ನು ಅವನು ರುದ್ರಪ್ಪನಿಗೆ ತೋರಿಸಿದ. ರುದ್ರಪ್ಪ ಅದನ್ನು ನಾಲ್ಕಾಗಿ ಮಡಿಸಿ ವಾಪಸು ಕೊಟ್ಟನಂತೆ.

‘ಕಾಗದ ಏನೋ ತಮ್ಮಾ, ಕಾಗದ! ಯಾರ ಬೇಕಾದ್ರೂ ಬರೀತಾರ.’

ಆಮೇಲೆ ಕಂಪನಿಗೂ ಹೇಳಿದ. ಕಂಪನಿ ಪರೀಕ್ಷೆ ಮಾಡಿಸುವ ಗೋಜಿಗೂ ಹೋಗಲಿಲ್ಲ. ಇಲ್ಲಿರಲು ಬೇಕಾದ ಇಕಾಮಾ ಪರವಾನಗಿ ರದ್ದು, ಟಿಕೆಟ್, ಖಲಾಸ್. ವಿಮಾನ ನಿಲ್ದಾಣದಲ್ಲಿ ನನ್ನ ತಮ್ಮ ಜೂನ್ ತಿಂಗಳ ಬಿಸಿಲಿನಲ್ಲಿ ಉದ್ದ ತೋಳಿನ ಅಂಗಿ ಹಾಕಿಕೊಂಡು, ಮಣಿಕಟ್ಟಿನ ಗುಂಡಿಯನ್ನೂ ಬಿಗಿದುಕೊಂಡು ನಿಂತಿದ್ದ. ಇದು ನಾನು ಕಣ್ಣಾರೆ ಕಂಡದ್ದು. ಅವನಿಗೆ ರೋಣದಲ್ಲೇ ಒಂದು ಹೆಣ್ಣು ಗೊತ್ತಾಗಿತ್ತು. ಅವನು ಊರು ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಹೆಣ್ಣಿನ ಕಡೆಯವರು ಬಂದು ಅವ್ವನ ಮುಂದೆ ಕೂತು, ‘ಕುವೈತದಿಂದ ಯಾಕ ಕಳಿಸಿದ್ರು ಅಂತ ನಮಗ ತಿಳದೈತ್ರಿ, ನೀವು ಹೇಳೂದು ಬ್ಯಾಡ’ ಎಂದು ಎದ್ದು ಹೋದರು. ಪ್ರಕಾಶನಿಗೆ ಮದುವೆಯಾಗಲೇ ಇಲ್ಲ. ಗದಗಿನ ಬಸ್‌ಸ್ಟ್ಯಾಂಡ್ ಹತ್ತಿರ ಝೆರಾಕ್ಸ್ ಅಂಗಡಿ ಇಟ್ಟಿದ್ದಾನೆ. ಇವತ್ತಿಗೂ ಉದ್ದ ತೋಳಿನ ಅಂಗಿ.

ಆಗ ನಾನು ರುದ್ರಪ್ಪನನ್ನು ಒಮ್ಮೆಯೂ ನೋಡಿರಲಿಲ್ಲ. ಹೆಸರು ಮಾತ್ರ ಇತ್ತು. ಹೆಸರಿಗೆ ನಾನೇ ಒಂದು ಮುಖ ಮಾಡಿಕೊಂಡೆ, ಒಂದು ನಗು ಕೊಟ್ಟೆ. ವರ್ಷಗಟ್ಟಲೆ ಅಡಿಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತ ಆ ಮುಖಕ್ಕೆ ಹೇಳಬೇಕಾದ್ದನ್ನೆಲ್ಲ ಹೇಳುತ್ತಿದ್ದೆ.

ಪಾಠದ ಒಂದು ಮಾತು ಇಲ್ಲಿ ಬರಬೇಕು. ಸಂಪರ್ಕದ ಅಲರ್ಜಿಯಲ್ಲಿ ಮೊದಲ ಸಲ ಮುಟ್ಟಿದಾಗ ಏನೂ ಕಾಣುವುದಿಲ್ಲ. ಚರ್ಮ ಆ ವಸ್ತುವಿನ ಗುರುತು ಹಿಡಿದಿಟ್ಟುಕೊಳ್ಳುತ್ತದೆ, ಅಷ್ಟೇ. ತಿಂಗಳುಗಳು, ಕೆಲವೊಮ್ಮೆ ವರ್ಷಗಳು. ಮತ್ತೆ ಮುಟ್ಟಿದ ದಿನ ತಕ್ಷಣವೂ ಅಲ್ಲ, ಎರಡು ದಿನ ಬಿಟ್ಟು, ನಾಲ್ಕು ದಿನ ಬಿಟ್ಟು — ಏಳುತ್ತದೆ. ಇದನ್ನು ಹೊಸ ನರ್ಸುಗಳಿಗೆ ಹೇಳಿಕೊಡುವಾಗಲೆಲ್ಲ ನನ್ನ ಸಿಟ್ಟೂ ಹೀಗೆಯೇ ಎಂದು ಒಳಗೇ ಅಂದುಕೊಳ್ಳುತ್ತಿದ್ದೆ. ಈ ಹೋಲಿಕೆ ನನಗೆ ತುಂಬ ಅನುಕೂಲಕರವಾದದ್ದು. ಚರ್ಮಕ್ಕೆ ಬೇರೆ ದಾರಿ ಇಲ್ಲ. ನನಗಿತ್ತು.

ಇರಾಕಿನ ಎರಡನೆಯ ಯುದ್ಧದ ಮರುವರ್ಷ, ಚಳಿಗಾಲ. ಆಗ ನಾನು ಖೈತಾನಿನ ಒಂದು ಖಾಸಗಿ ಚರ್ಮದ ಕ್ಲಿನಿಕ್ಕಿನಲ್ಲಿದ್ದೆ. ಡಾಕ್ಟರ್ ಸಿರಿಯಾದವರು, ಒಳ್ಳೆಯವರು, ಮಾತು ಕಡಿಮೆ. ಬೆನ್ನಿನ ಮೇಲೆ ಮಾಡುವ ಪಟ್ಟಿ ಪರೀಕ್ಷೆಯನ್ನು ನಾವು ನವೆಂಬರಿನಿಂದ ಮಾರ್ಚಿನ ತನಕ ಮಾತ್ರ ಮಾಡುತ್ತಿದ್ದೆವು; ಉಳಿದ ತಿಂಗಳು ಇಲ್ಲಿನ ಬೆವರಿಗೆ ಪಟ್ಟಿ ನಿಲ್ಲುವುದಿಲ್ಲ.

ಪರೀಕ್ಷೆ ಹೀಗೆ. ಬಟ್ಟೆ ಗುಂಡಿಗಿಂತ ಸಣ್ಣ ಅಲ್ಯೂಮಿನಿಯಂ ಬಟ್ಟಲುಗಳು, ಸಾಲಾಗಿ ಅಂಟುಪಟ್ಟಿಯ ಮೇಲೆ. ಒಂದೊಂದರಲ್ಲೂ ಒಂದೊಂದು ವಸ್ತು, ಚಿಟಿಕೆಗಿಂತ ಕಡಿಮೆ: ಅಗ್ಗದ ಒಡವೆಯಲ್ಲಿರುವ ನಿಕ್ಕಲ್, ಸಿಮೆಂಟಿನಲ್ಲಿರುವ ಕ್ರೋಮಿಯಂ ಉಪ್ಪು, ಸುಗಂಧ, ಕೂದಲಿಗೆ ಹಚ್ಚುವ ಕಪ್ಪು, ರಬ್ಬರನ್ನು ಹದಗೊಳಿಸುವ ರಾಸಾಯನಿಕಗಳು. ಪಟ್ಟಿಯನ್ನು ಬೆನ್ನಿಗೆ ಅಂಟಿಸಿ, ಪಕ್ಕದಲ್ಲಿ ಪೆನ್ನಿನಿಂದ ಸಂಖ್ಯೆ ಬರೆಯುತ್ತೇವೆ. ಸ್ನಾನ ಇಲ್ಲ, ಭಾರ ಎತ್ತುವಂತಿಲ್ಲ. ಎರಡು ದಿನದ ನಂತರ ಪಟ್ಟಿ ತೆಗೆದು ಒಮ್ಮೆ ಓದುವುದು, ಮತ್ತೆರಡು ದಿನ ಬಿಟ್ಟು ಇನ್ನೊಮ್ಮೆ. ಎರಡನೆಯ ಓದೇ ಮುಖ್ಯ. ಮೊದಲನೆಯ ಓದಿನಲ್ಲಿ ಬರೀ ಮಸುಕಾಗಿದ್ದದ್ದು ಎರಡನೆಯ ಓದಿನಲ್ಲಿ ಸ್ಪಷ್ಟವಾಗುತ್ತದೆ. ಬರಿಯ ಕೆರಳಿಕೆಯಾಗಿದ್ದರೆ ಅಷ್ಟರಲ್ಲಿ ಆರಿಹೋಗುತ್ತದೆ, ಅಲರ್ಜಿಯಾಗಿದ್ದರೆ ಬಲಿಯುತ್ತದೆ.

ಆಗಿನ್ನೂ ವಾರದ ರಜೆ ಗುರುವಾರ-ಶುಕ್ರವಾರ. ನಮ್ಮ ಪದ್ಧತಿ: ಶನಿವಾರ ಅಂಟಿಸುವುದು, ಸೋಮವಾರ ಡಾಕ್ಟರ್ ಓದುವುದು. ಬುಧವಾರ ಅವರು ಬೇರೊಂದು ಕಡೆ ಹೋಗುತ್ತಿದ್ದುದರಿಂದ ಎರಡನೆಯ ಓದು ನನ್ನದು. ‘ನಿನ್ನ ಬೆರಳು ನನ್ನ ಕಣ್ಣಿಗಿಂತ ಚೆನ್ನಾಗಿ ಓದುತ್ತದೆ’ ಎಂದು ಅವರು ಹೇಳಿದ್ದರು. ಹಾಳೆಯ ಕೆಳಗೆ ‘ಓದಿದವರು’ ಎಂಬ ಕಡೆ ಬುಧವಾರದ ಸಾಲಿನಲ್ಲಿ ನನ್ನ ಹೆಸರಿನ ಎರಡು ಅಕ್ಷರ ಹಾಕುತ್ತಿದ್ದೆ.

ಅವನು ಬಂದಾಗ ಎರಡೂ ಕೈಗಳನ್ನು ಒಂದು ಟವೆಲಿನಲ್ಲಿ ಸುತ್ತಿಕೊಂಡಿದ್ದ. ಸಿವಿಲ್ ಐಡಿ ತೆಗೆಯಲು ಬೆರಳು ಮಡಚಲಾಗದೆ, ‘ಕಿಸೇದಾಗ ಐತಿ... ಜೇಬ್ ಮೇ, ಜೇಬ್ ಮೇ’ ಎಂದು ಎದೆ ಮುಂದೆ ಮಾಡಿದ. ಕಾರ್ಡು ತೆಗೆದೆ. ಹೆಸರು ಓದಿದೆ. ಯಾವ ಕಂಪನಿ, ಯಾವ ಜಾಗ ಎಂದು ಕನ್ನಡದಲ್ಲಿ ಕೇಳಿದೆ — ಕೇಳಬಾರದಿತ್ತೇನೋ.

‘ಯವ್ವಾ, ಕನ್ನಡದವ್ರ! ದೇವರ ಸಿಕ್ಕಂಗಾತು ನೋಡ್ರಿ. ಆ ಡಾಕ್ಟರ್ ಮಾತ ನನಗ ತಿಳಿಯಂಗಿಲ್ಲ, ನನ್ನ ಹಿಂದಿ ಅವರಿಗೆ ತಿಳಿಯಂಗಿಲ್ಲ. ಯಾ ಊರ್ರಿ ನಿಮ್ಮದು?’

‘ಹುಬ್ಬಳ್ಳಿ’ ಎಂದೆ. ಮೊದಲ ಸುಳ್ಳು ಅದು.

ಕಂಪನಿಯೂ ಅದೇ, ಅಹ್ಮದಿಯೂ ಅದೇ; ಆದರೆ ನಾನು ಮಾಡಿಟ್ಟುಕೊಂಡಿದ್ದ ಮುಖ ಅವನದಾಗಿರಲಿಲ್ಲ. ಕುಳ್ಳಗೆ, ಬೋಳುತಲೆ, ಕಿವಿಯಲ್ಲಿ ಕೂದಲು. ನಗುವಾಗ ಒಂದು ಹಲ್ಲು ಇರಲಿಲ್ಲ. ಟವೆಲ್ ಬಿಚ್ಚಿದ. ಅಂಗೈಯಿಂದ ಬೆರಳ ತುದಿಯ ತನಕ ಸೀಳಿತ್ತು. ಮೇಲ್ಗೈ ಕೆಂಪಾಗಿ ಬಾತಿತ್ತು. ಆ ಕೆಂಪು ಮಣಿಕಟ್ಟಿನಿಂದ ಮೂರು ಬೆರಳು ಮೇಲಕ್ಕೆ ಹೋಗಿ, ಅಳೆದು ಗೆರೆ ಎಳೆದಂತೆ ನಿಂತುಬಿಟ್ಟಿತ್ತು. ರಬ್ಬರಿನ ಕೈಗವಸು ಎಲ್ಲಿಗೆ ಮುಗಿಯುತ್ತದೋ ಅಲ್ಲಿಗೆ. ನೀವು ಇಂಥ ಗೆರೆಯನ್ನು ಒಮ್ಮೆ ಕಂಡರೆ ಮತ್ತೆ ಮರೆಯುವುದಿಲ್ಲ. ಅಂದರೆ ಪರೀಕ್ಷೆಗೆ ಮೊದಲೇ ನನಗೆ ಉತ್ತರ ಗೊತ್ತಿತ್ತು. ಇದನ್ನು ವಿಶೇಷವಾಗಿ ಬರೆದಿಡುತ್ತೇನೆ, ಯಾಕೆಂದರೆ ‘ಗೊಂದಲವಾಯಿತು’ ಎಂದು ಹೇಳಿಕೊಳ್ಳುವ ಆಸೆ ಈಗಲೂ ಆಗುತ್ತದೆ.

‘ಲುಂಗಿ ಕಟ್ಟಾಕ ಬರವಲ್ದ್ರಿ’ ಎಂದ. ಆಮೇಲೆ ದನಿ ತಗ್ಗಿಸಿ, ‘ಇದು ಅಂಟತೈತೇನ್ರಿ? ರೂಮಿನ್ಯಾಗ ಹುಡುಗ್ರು ದೂರ ಕುಂದ್ರಾಕತ್ತಾರ. ಬಾಯಿಬಿಟ್ಟು ಅನ್ನಂಗಿಲ್ಲ, ಆದ್ರ ತಿಳೀತೈತ್ರಿ.’

ಅಂಟುವುದಿಲ್ಲ — ಆ ಒಂದು ಶಬ್ದ ನನ್ನ ನಾಲಿಗೆಯ ಮೇಲಿತ್ತು. ನಾನು ಅದನ್ನು ನುಂಗಿದೆ. ‘ಟೆಸ್ಟ್ ಆದ ಮ್ಯಾಲ ಗೊತ್ತಾಗತೈತಿ’ ಎಂದೆ. ಅವನ ಮುಖ ಇಳಿಯಿತು. ನನ್ನ ಎದೆಯಲ್ಲಿ ತಣ್ಣಗಾಯಿತು. ಸುಖವಾಯಿತು ಎಂದು ನೇರವಾಗಿಯೇ ಹೇಳಬೇಕು.

ಶನಿವಾರ ಅವನ ಬೆನ್ನಿಗೆ ಪಟ್ಟಿ ಅಂಟಿಸಿದೆ. ಚೆನ್ನಾಗಿಯೇ ಅಂಟಿಸಿದೆ, ಕೆಲಸದಲ್ಲಿ ನನಗೆ ಅಚ್ಚುಕಟ್ಟು. ಸೋಮವಾರ ಡಾಕ್ಟರ್ ಓದಿದರು. ಹದಿನಾಲ್ಕರ ಮೇಲೆ ಮಸುಕಾದ ಗುಲಾಬಿ ಬಣ್ಣ. ಪ್ರಶ್ನೆಯ ಚಿಹ್ನೆ ಹಾಕಿ, ‘ಬುಧವಾರ ಹೇಳುತ್ತದೆ’ ಎಂದರು. ಹದಿನಾಲ್ಕು ರಬ್ಬರಿನ ರಾಸಾಯನಿಕ.

ಬುಧವಾರ ಹೇಳಿತು. ಅವನು ಸ್ಟೂಲಿನ ಮೇಲೆ ನನಗೆ ಬೆನ್ನು ಮಾಡಿ ಕೂತಿದ್ದ. ಬನಿಯನ್ನಿಗೆಲ್ಲ ನೀಲಿ ಶಾಯಿ ಮೆತ್ತಿತ್ತು. ನಾನು ದೀಪವನ್ನು ಓರೆ ಮಾಡಿದೆ, ಬೆರಳಾಡಿಸಿದೆ. ಎರಡು ಪ್ಲಸ್. ನಮ್ಮ ಲೆಕ್ಕದಲ್ಲಿ ಬಲವಾದ ಅಲರ್ಜಿ; ಯಾವ ಹೊಸಬರೂ ತಪ್ಪಲಾರದಷ್ಟು ಸ್ಪಷ್ಟ.

ಆ ಗಳಿಗೆಯಲ್ಲಿ ಏನು ಯೋಚಿಸಿದೆ? ಪ್ರಕಾಶನ ತಾಟು ಕಣ್ಣ ಮುಂದೆ ಬಂತು, ಅಂಚಿಗೆ ಕೆಂಪು ಬಣ್ಣ ಬಳಿದ ತಾಟು — ಎಂದು ಬಹಳ ಕಾಲ ನಂಬಿದ್ದೆ. ಅವತ್ತಿನ ದಿನಚರಿ ತೆಗೆದು ನೋಡಿದರೆ ಇರುವುದು ಇಷ್ಟು: ‘ಬುಧವಾರ. ಗಾಳಿ. ಬೆಂಡೆಕಾಯಿ ತಂದೆ. ಊರಿಗೆ ಫೋನ್ ಹತ್ತಲಿಲ್ಲ.’ ದಿನವೂ ಒಂದೂವರೆ ಪುಟ ಬರೆಯುವವಳು ಅವತ್ತು ಇಷ್ಟೇ ಬರೆದೆ. ಬೇರೆ ಸಾಕ್ಷಿ ಬೇಡ.

ಅಡ್ಡಗೆರೆ ಎಳೆದೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. ಶನಿವಾರ ಡಾಕ್ಟರ್ ಬಂದು ಮತ್ತೆ ಬೆನ್ನು ನೋಡಬಹುದಿತ್ತಲ್ಲ? ಸ್ಪಿರಿಟ್ ಅದ್ದಿದ ಹತ್ತಿಯಿಂದ ಸಂಖ್ಯೆಗಳನ್ನೆಲ್ಲ ಒರೆಸಿದೆ. ಹದಿನಾಲ್ಕರ ಜಾಗಕ್ಕೆ ಉರಿ ಇಳಿಸುವ ಮುಲಾಮು ಹಚ್ಚಿದೆ, ಬೇಗ ಮಾಯಲಿ ಎಂದು. ಕೊಳವೆಯನ್ನೂ ಕೈಗಿಟ್ಟು, ಆ ತುರಿಸುವ ಜಾಗಕ್ಕೆ ದಿನಕ್ಕೆರಡು ಸಲ ಯಾರಿಂದಲಾದರೂ ಹಚ್ಚಿಸಿಕೊಳ್ಳಿ ಎಂದೆ.

‘ಪುಣ್ಯಾ ಬರ್ಲಿ ಯವ್ವಾ ನಿಮಗ’ ಎಂದ.

ಶನಿವಾರ ಡಾಕ್ಟರ್ ಹಾಳೆ ನೋಡಿದರು. ಸಾಲಿಗೆ ಸಾಲು ಅಡ್ಡಗೆರೆ. ಬೆನ್ನು ನೋಡಲಿಲ್ಲ, ನನ್ನ ಬೆರಳ ಮೇಲೆ ಅವರಿಗೆ ಅಷ್ಟು ನಂಬಿಕೆ. ಅಲರ್ಜಿ ಅಲ್ಲ, ಎಣ್ಣೆ-ಸಾಬೂನಿನ ಕೆರಳಿಕೆ; ಚರ್ಮಕ್ಕೆ ರಕ್ಷಣೆ ಬೇಕು, ಕೆಲಸದಲ್ಲಿ ಕೈಗವಸು ತಪ್ಪದೆ ಹಾಕಲಿ — ಹೇಳು ಅವನಿಗೆ, ಎಂದು ನನ್ನ ಕಡೆ ತಿರುಗಿದರು.

ನಾನು ಕನ್ನಡದಲ್ಲಿ ಹೇಳಿದೆ:

‘ರಬ್ಬರ್ ಕೈಚೀಲಾ ತೆಗೀಬ್ಯಾಡ್ರಿ. ಕೆಲಸದಾಗಷ್ಟ ಅಲ್ಲ, ರೂಮಿನ್ಯಾಗ ಭಾಂಡೆ ತಿಕ್ಕೂಮುಂದನೂ ಹಾಕ್ಕೋರಿ, ಅರಬಿ ಒಗಿಯೂಮುಂದನೂ ಹಾಕ್ಕೋರಿ. ಮಲಗೂ ಮುಂದಷ್ಟ ತೆಗೀರಿ.’

ಪಾತ್ರೆಯ ಮಾತು, ಬಟ್ಟೆಯ ಮಾತು ಡಾಕ್ಟರರದಲ್ಲ. ನನ್ನದು. ಪರದೇಶದಲ್ಲಿ ಸಿಕ್ಕ ತನ್ನ ಊರ ಮಾತಿಗೆ ಹಿಗ್ಗಿದವನಿಗೆ, ಅದೇ ಮಾತಿನಲ್ಲಿ, ನಾನು ಇದನ್ನು ಕೊಟ್ಟೆ. ಎರಡು ಸಲ ಒಪ್ಪಿಸಿದ, ಮರೆಯಬಾರದೆಂದು. ಬಾಗಿಲ ಬಳಿ ನಿಂತು ಮತ್ತೆ ಕೇಳಿದ: ‘ಹಂಗಾರ, ಅಂಟೂದಲ್ಲಲ್ರಿ?’

‘ಅಲ್ಲ’ ಎಂದೆ. ನಾನು ಅವನಿಗೆ ಹೇಳಿದ ಒಂದೇ ಒಂದು ನಿಜ.

ಅವನು ಮತ್ತೆರಡು ಸಲ ಬಂದ. ಪ್ರತಿಸಲವೂ ಮೊದಲಿಗಿಂತ ಕೆಟ್ಟದಾಗಿ. ‘ನೀವು ಹೇಳಿದಂಗ ತೆಗದ ಇಲ್ರಿ ಕೈಚೀಲಾ’ ಎನ್ನುತ್ತಿದ್ದ. ಕೊನೆಯ ಸಲ ಅವನ ಬಾಯಿಗೆ ನೀರಿನ ಲೋಟ ಬೇರೆಯವರು ಹಿಡಿಯಬೇಕಾಯಿತು. ಹಿಡಿದವಳು ನಾನೇ. ಆಗಲಾದರೂ — ಇಲ್ಲ, ಆಗಲೂ ಇಲ್ಲ. ವಸಂತ ಮುಗಿಯುವ ಹೊತ್ತಿಗೆ ಅವನ ಕಂಪನಿಯವನೊಬ್ಬ ಬೇರೇನಕ್ಕೋ ಕ್ಲಿನಿಕ್ಕಿಗೆ ಬಂದವನು, ‘ನಮ್ಮ ಫೋರ್‌ಮನ್ ಖಲಾಸ್ ಆದ್ರಿ, ಕೈ ಹೋದುವು, ಊರಿಗೆ ಕಳಿಸಿಬಿಟ್ರು’ ಎಂದ.

ಅವತ್ತು ಸಂಜೆ ಮನೆಗೆ ಹೋಗುವಾಗ ಅಂಗಡಿಯಿಂದ ಅರ್ಧ ಕಿಲೊ ಪೇಢೆ ಕೊಂಡೆ. ಗಂಡ ‘ಏನ್ ವಿಶೇಷ?’ ಎಂದರು. ‘ಸುಮ್ಮನ’ ಎಂದೆ. ಒಂದಾದ ಮೇಲೆ ಒಂದು ತಿಂದೆ. ತುಂಬ ರುಚಿಯಾಗಿದ್ದವು. ಪಶ್ಚಾತ್ತಾಪ ಅಂದಿನಿಂದಲೇ ಶುರುವಾಯಿತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಆದರೆ ನಿಜವಲ್ಲ. ಹತ್ತು ವರ್ಷ ನನಗೆ ಏನೂ ಅನ್ನಿಸಲಿಲ್ಲ. ಸರಿಸಮ ಆಯಿತು ಎಂದುಕೊಂಡು ನಿದ್ದೆ ಮಾಡಿದೆ. ಹೊಸ ನರ್ಸುಗಳಿಗೆ ಪಾಠ ಹೇಳುವಾಗ ಅವನ ಕೈಯನ್ನೇ ಉದಾಹರಣೆ ಕೊಡುತ್ತಿದ್ದೆ: ‘ಒಬ್ಬ ಫೋರ್‌ಮನ್ ಇದ್ದ, ಗೆರೆ ಎಳೆದಂತೆ ನಿಂತಿತ್ತು, ಪರೀಕ್ಷೆಯಲ್ಲಿ ರಬ್ಬರ್ ಬಂತು, ಕೈಗವಸು ಬದಲಿಸಿದೆವು, ಗುಣವಾದ.’ ಹುಡುಗಿಯರು ಬರೆದುಕೊಳ್ಳುತ್ತಿದ್ದರು.

ಅಲುಗಿದ್ದು ಹತ್ತು ವರ್ಷದ ಮೇಲೆ, ರಾಜ್ಯೋತ್ಸವದ ಒಂದು ಕಾರ್ಯಕ್ರಮದಲ್ಲಿ. ಖೈತಾನಿನ ಶಾಲೆಯೊಂದರ ಸಭಾಂಗಣ. ವೇದಿಕೆಯ ಮೇಲೆ ಮಕ್ಕಳು ಕನ್ನಡ ಹಾಡು ಹೇಳಿ, ಕೆಳಗಿಳಿದು ಇಂಗ್ಲಿಷಿನಲ್ಲಿ ಜಗಳವಾಡುತ್ತಿದ್ದವು. ಊಟದ ಸಾಲಿನಲ್ಲಿ ನನ್ನ ಮುಂದಿದ್ದವನು ಈರಣ್ಣ, ಎಲೆಕ್ಟ್ರಿಷಿಯನ್. ನಾನು ಚರ್ಮದ ಕ್ಲಿನಿಕ್ಕಿನವಳೆಂದು ತಿಳಿದ ಕೂಡಲೇ ಮೊಬೈಲ್ ತೆಗೆದ.

‘ಅಕ್ಕಾರ, ನಮ್ಮ ಮಾವಂದು ಒಂದ್ ಫೋಟೊ ಅದ, ನೋಡ್ತೀರೇನ್ರಿ? ಮೊದಲ ಇಲ್ಲೇ ಇದ್ರು. ಕೈ ಕೆಟ್ಟು ಊರಿಗೆ ಬಂದ್ರು. ಬಂದ ಮ್ಯಾಲ ಕೈ ಅಷ್ಟಿಷ್ಟ ಆರಾಮಾದುವು, ಈಗ ಕಾಲಿಗೆ ಬಂದೈತಿ. ಏನ್ ಮಾಡಿದ್ರೂ ಹೋಗವಲ್ದು.’

ಫೋಟೊದಲ್ಲಿ ಎರಡು ಪಾದ. ಎರಡರ ಮೇಲೂ ಹೆಬ್ಬೆರಳ ಸಂದಿನಿಂದ ಎರಡು ಕವಲಾಗಿ ಹಿಂದಕ್ಕೆ ಹೋದ ಕೆಂಪು ಪಟ್ಟಿ, ಸಿಪ್ಪೆ ಎದ್ದು, ನೀರಾಡಿ. ರಬ್ಬರ್ ಚಪ್ಪಲಿಯ ಪಟ್ಟಿ ಕೂರುವ ಜಾಗ, ಅಚ್ಚು ಒತ್ತಿದಂತೆ. ಅವನ ಹೆಸರು ಕೇಳಬೇಕಾಗಿರಲಿಲ್ಲ, ಆದರೂ ಕೇಳಿದೆ.

‘ರುದ್ರಪ್ಪ ಅಂತ್ರಿ. ಇಲ್ಲಿ ಒಬ್ಬರು ಕನ್ನಡದ ಸಿಸ್ಟರ್ ಇದ್ರಂತ, ತಮ್ಮ ಕೈಲೆ ನೀರ ಕುಡಿಸಿದ್ರಂತ. ಇವತ್ತಿಗೂ ಅವರ ನೆನಪ ತೆಗೀತಾರ.’

ಒಂದು ವಾಕ್ಯ ಸಾಕಿತ್ತು: ಚಪ್ಪಲಿ ಬದಲಿಸಲು ಹೇಳಿ. ಅದನ್ನು ಹೇಳಲು ಏನನ್ನೂ ಒಪ್ಪಿಕೊಳ್ಳಬೇಕಾಗಿರಲಿಲ್ಲ. ಯಾವ ನರ್ಸಾದರೂ ಫೋಟೊ ನೋಡಿ ಹೇಳಬಹುದಾದ ಮಾತು. ನಾನು ಹೇಳಿದ್ದು: ‘ಛಲೋ ಚರ್ಮದ ಡಾಕ್ಟರಿಗೆ ತೋರಸ್ರಿ.’ ಹೇಳಿ, ಪಾಯಸದ ಸಾಲಿಗೆ ಹೋದೆ.

ಮೊದಲ ತಪ್ಪಿಗೆ ಸಿಟ್ಟಿತ್ತು. ಇದಕ್ಕೆ ಏನಿತ್ತು? ಅವತ್ತು ನನ್ನೊಳಗೆ ದ್ವೇಷ ಎದ್ದದ್ದೂ ನೆನಪಿಲ್ಲ. ಬರೀ ಹೆದರಿಕೆ — ‘ಇದು ಅವತ್ತೇ ಯಾಕೆ ಗೊತ್ತಾಗಲಿಲ್ಲ?’ ಎಂದು ಯಾರಾದರೂ ಕೇಳಿಬಿಟ್ಟಾರೆಂಬ ಹೆದರಿಕೆ. ಒಬ್ಬ ಮನುಷ್ಯ ತನ್ನ ಚಪ್ಪಲಿಯಿಂದಲೇ ಸುಡುತ್ತಿದ್ದಾನೆ ಎಂದು ಕಂಡೂ ನಾನು ಪಾಯಸ ಬಡಿಸಿಕೊಂಡೆ. ಅವನು ಪ್ರಕಾಶನಿಗೆ ಮಾಡಿದ್ದಾದರೂ ಅಜ್ಞಾನದಿಂದ ಎನ್ನಬಹುದು. ನನಗೆ ಆ ನೆಪವೂ ಇಲ್ಲ. ನಾನು ಓದಿದವಳು.

ಅದಾದ ಮೇಲೆ ಪ್ರಕಾಶನಿಗೆ ಫೋನ್ ಮಾಡಿದೆ. ನಾನು ಮಾಡಿದ್ದನ್ನು ಹೇಳಲಿಲ್ಲ. ಆ ತಾಟಿನ ಬಗ್ಗೆ ಮಾತ್ರ ಕೇಳಿದೆ, ಅಂಚಿಗೆ ಬಳಿದ ಕೆಂಪು ಬಣ್ಣದ ಬಗ್ಗೆ.

‘ಬಣ್ಣಾ ಗಿಣ್ಣಾ ಎಲ್ಲಿತ್ತ ಅಕ್ಕಾ?’ ಎಂದ. ‘ತಾಟ ಬ್ಯಾರೆ ಇಟ್ಟಿದ್ರು, ಅಷ್ಟ. ಸ್ಟೀಲಿಂದು. ನೀ ಎಲ್ಲಿಂದ ತಂದಿ ಬಣ್ಣಾ?’

ಎಲ್ಲಿಂದ ತಂದೆ? ಈರುಳ್ಳಿ ಹೆಚ್ಚುತ್ತ ಹೆಚ್ಚುತ್ತ ನಾನೇ ಬಳಿದಿರಬೇಕು. ರುದ್ರಪ್ಪ ಮಾಡಿದ್ದು ಸುಳ್ಳಾಗಲಿಲ್ಲ — ತಾಟು ಬೇರೆಯಾದದ್ದು ನಿಜ, ತಮ್ಮನ ಬದುಕು ಕೆಟ್ಟದ್ದು ನಿಜ. ಅದಕ್ಕೆ ನಾನು ಅವನನ್ನು ಇಂದಿಗೂ ಕ್ಷಮಿಸಿಲ್ಲ. ಆದರೆ ನಾನು ಸೇಡು ತೀರಿಸಿಕೊಂಡದ್ದು ನಡೆದದ್ದಕ್ಕಷ್ಟೇ ಅಲ್ಲ, ನಾನು ಬಳಿದ ಬಣ್ಣಕ್ಕೂ.

ಅದಾದ ಮೇಲೂ ಐದು ತಿಂಗಳು ಬೇಕಾಯಿತು. ಈ ಪುಸ್ತಕದ ನಾಲ್ಕನೆಯ ಅಧ್ಯಾಯ ಬರೆಯಲಾಗದೆ ಕೂತ ಮೂರು ವಾರಗಳ ಕೊನೆಗೆ, ಒಂದು ಶುಕ್ರವಾರ ಬೆಳಿಗ್ಗೆ, ಈರಣ್ಣನಿಂದ ನಂಬರ್ ತೆಗೆದುಕೊಂಡು ರೋಣಕ್ಕೆ ಫೋನ್ ಮಾಡಿದೆ. ಅವನೇ ಎತ್ತಿದ. ಕುವೈತಿನ ಕ್ಲಿನಿಕ್ಕಿನ ಸಿಸ್ಟರ್ ಎಂದೆ.

‘ಓಹೋ! ಯವ್ವಾ, ಆರಾಮ ಅದೀರೇನ್ರಿ?’

ಸುತ್ತಿ ಬಳಸಿ ಹೇಳಿದರೆ ನಡುವೆ ನಿಂತುಬಿಡುತ್ತೇನೆ ಎಂದು ಹೆದರಿ, ಮೊದಲು ಚಪ್ಪಲಿಯ ಮಾತು ಹೇಳಿದೆ. ರಬ್ಬರ್ ಚಪ್ಪಲಿ ಇವತ್ತೇ ಬಿಡಿ, ತೊಗಲಿಂದು ಹಾಕಿ. ರಬ್ಬರಿನ ಕೈಗವಸನ್ನು ಮುಟ್ಟಲೇಬೇಡಿ. ಆಮೇಲೆ ಹದಿನಾಲ್ಕು. ಅಡ್ಡಗೆರೆ. ಒರೆಸಿದ ಸಂಖ್ಯೆಗಳು, ಮುಲಾಮು. ಭಾಂಡೆ, ಅರಬಿ. ಕೊನೆಗೆ, ನಾನು ಯಾರ ಅಕ್ಕ ಎಂದು.

ಆ ಕಡೆ ಹಿಂದೆಲ್ಲೋ ಯಾರೋ ಮಿಕ್ಸರ್ ತಿರುವುತ್ತಿದ್ದರು.

‘ಪ್ರಕಾಶನ ಅಕ್ಕ ಅನ್ನೂದು ನನಗ ಅವತ್ತ ಗೊತ್ತಿತ್ತು’ ಎಂದ. ‘ಮುಖಾ ಥೇಟ್ ಅವಂದ. ನೀವು ಹುಬ್ಬಳ್ಳಿ ಅಂದ್ರಿ, ನಾ ಸುಮ್ನಾದೆ. ಕೈ ಆರಾಮಾದ ಮ್ಯಾಲ ಒಂದ್ ಮಾತ ಹೇಳೂಣು ಅಂತ ಮಾಡಿದ್ದೆ. ಕೈ ಆರಾಮಾಗಲಿಲ್ಲ.’

ಆಮೇಲೆ ಅವನೇ ಕೇಳಿದ:

‘ಅವನ ತೋಳ ಈಗ ಹೆಂಗದಾವ?’

‘ಹಂಗ ಅದಾವ’ ಎಂದೆ.

ಅವನ ದನಿ ಬದಲಾಯಿತು. ಅಲ್ಲಿಯ ತನಕ ‘ಯವ್ವಾ’ ಎನ್ನುತ್ತಿದ್ದವನು ಮುಂದೆ ಹಾಗೆ ಕರೆಯಲಿಲ್ಲ.

‘ನನ್ನ ಕೆಲಸಾ ಹೋತು. ಎಷ್ಟೋ ವರ್ಷ ರೊಟ್ಟೀ ಮುರಿಯಾಕ ಹೆಂಡತಿ ಬೇಕಾಗಿತ್ತು. ನಾ ಮಾಡಿದ್ದ ನನಗ ಗೊತ್ತೈತಿ. ನೀವು ಮಾಡಿದ್ದನ್ನ ಮಾಫ್ ಮಾಡೀನಿ ಅಂತ ಅನ್ನಂಗಿಲ್ಲ. ನನ್ನ ಕಡಿಂದ ಆಗಂಗಿಲ್ಲ.’ ಫೋನ್ ಇಟ್ಟೇಬಿಟ್ಟನೆಂದುಕೊಂಡೆ. ಇಟ್ಟಿರಲಿಲ್ಲ. ‘ಆ ಹದಿನಾಲ್ಕ ಅಂದ್ರಲ್ಲ... ಅದನ್ನ ಕಾಗದದ ಮ್ಯಾಲ ಬರದ ಕಳಸ್ರಿ. ಇಲ್ಲಿ ಡಾಕ್ಟರಿಗೆ ತೋರಸಬೇಕು. ಬಾಯಿಮಾತ ಅವರು ನಂಬಂಗಿಲ್ಲ.’

ಕಾಗದ. ಅವನು ಒಮ್ಮೆ ನಾಲ್ಕಾಗಿ ಮಡಿಸಿ ಹಿಂದಿರುಗಿಸಿದ್ದು, ನಾನು ಒಮ್ಮೆ ಸುಳ್ಳು ಬರೆದದ್ದು. ಅದನ್ನೇ ಕೇಳುತ್ತಿದ್ದ. ಆ ಗಳಿಗೆಯಲ್ಲೂ ನನ್ನೊಳಗಿನ ಹಳೆಯ ಹೆಂಗಸು ತಲೆ ಎತ್ತಿ, ‘ಈಗ ಬೇಕಾಯಿತೇನು ಕಾಗದ?’ ಎಂದಳು. ಅವಳು ಸತ್ತಿಲ್ಲ. ಇದನ್ನೂ ಬರೆದಿಡಬೇಕು.

ಹಳೆಯ ಹಾಳೆಯ ನಕಲು ನನ್ನ ಬಳಿ ಇಲ್ಲ. ಒಂದು ಹೊಸ ಹಾಳೆ ತೆಗೆದುಕೊಂಡು ಅದೇ ರೀತಿ ಗೆರೆ ಎಳೆದೆ. ಒಂದರಿಂದ ಹದಿಮೂರರ ತನಕ, ಹದಿನೈದರಿಂದ ಕೊನೆಯ ತನಕ ಅಡ್ಡಗೆರೆ. ಹದಿನಾಲ್ಕರ ಎದುರು ಎರಡು ಪ್ಲಸ್. ಕೆಳಗೆ, ಈ ಓದನ್ನು ಅಂದು ಬೇಕೆಂದೇ ತಪ್ಪಾಗಿ ದಾಖಲಿಸಲಾಗಿತ್ತು, ಈಗ ನೆನಪಿನಿಂದ ಬರೆಯಲಾಗಿದೆ, ಮತ್ತೊಮ್ಮೆ ಪರೀಕ್ಷಿಸಿ ಎಂದು ಬರೆದೆ. ನನ್ನ ನೆನಪನ್ನು ಯಾರೂ ಹಾಗೆಯೇ ನಂಬಬಾರದು. ಇದರದೇ ಒಂದು ಪ್ರತಿಯನ್ನು ಕ್ಲಿನಿಕ್ಕಿನ ಈಗಿನ ಡಾಕ್ಟರರ ಮೇಜಿನ ಮೇಲೆ ಇಟ್ಟಿದ್ದೇನೆ. ಅವರಿನ್ನೂ ಕರೆದಿಲ್ಲ. ಕರೆಯುತ್ತಾರೆ. ಪ್ರಕಾಶನಿಗೂ ಹೇಳಬೇಕು, ಅವನು ಏನೆನ್ನುತ್ತಾನೋ ಗೊತ್ತಿಲ್ಲ, ಆದರೆ ಅವನ ಹೆಸರಿನಲ್ಲಿ ಮಾಡಿದ್ದನ್ನು ಅವನಿಂದ ಮುಚ್ಚಿಡುವ ಹಕ್ಕು ನನಗಿಲ್ಲ.

ಹಾಳೆಯ ಕೊನೆಯಲ್ಲಿ ‘ಓದಿದವರು’ ಎಂಬ ಸಾಲು. ಅಂದು ಅಲ್ಲಿ ಎರಡು ಅಕ್ಷರ ಗೀಚಿದ್ದೆ. ಈ ಸಲ ಪೂರ್ತಿ ಹೆಸರು ಬರೆದೆ, ತಂದೆಯ ಹೆಸರು ಸೇರಿಸಿ, ಊರು ಗದಗ ಎಂದು ಸೇರಿಸಿ.